ದನದ ದವಾಖಾನೆಗೆ ನಾಯಿಯನ್ನೂ ಕರೆತನ್ನಿ

ಮರಿಕಲ್ಲಿನಿಂದ ಮಕ್ತಲ್, ಗದ್ವಾಲದವರೆಗಿನ ಊರುಗಳಲ್ಲಿ ದನದ ದವಾಖಾನೆಗೆ ಎತ್ತು ಬರುತ್ತದೆ, ಎಮ್ಮೆ ಬರುತ್ತದೆ, ಕುರಿಯ ಹಿಂಡೇ ಬರುತ್ತದೆ. ಆ ಹಿಂಡನ್ನು ರಾತ್ರಿಯೆಲ್ಲ ಕಾಯ್ದ ನಾಯಿ ಮಾತ್ರ ಬರುವುದಿಲ್ಲ. ಅದಕ್ಕೂ ಅಲ್ಲಿ ವೈದ್ಯರಿದ್ದಾರೆ, ಮದ್ದಿದೆ ಎಂಬುದು ಎಷ್ಟೋ ಮನೆಗಳಿಗೆ ಹೊಳೆದೇ ಇಲ್ಲ.

ಇದು ಕುರಿಗಾರರ ಸೀಮೆ. 2017ರಲ್ಲಿ ತೆಲಂಗಾಣ ಸರ್ಕಾರ ಶೇ 75ರ ಸಬ್ಸಿಡಿಯಲ್ಲಿ 20 ಕುರಿ, ಒಂದು ಟಗರಿನ ಘಟಕಗಳನ್ನು ಹಂಚತೊಡಗಿತು. ಅದೇ ವರ್ಷ, 1962ಕ್ಕೆ ಫೋನ್ ಮಾಡಿದರೆ ಊರಿಗೇ ಬರುವ 100 ಸಂಚಾರಿ ಪಶುಚಿಕಿತ್ಸಾ ವಾಹನಗಳೂ ರಸ್ತೆಗಿಳಿದವು. ಹೊಳೆ ದಾಟಿ ರಾಯಚೂರಿನ ಕಡೆ ಹೋದರೂ ಪಶು ಸಹಾಯವಾಣಿಯ ಸಂಖ್ಯೆ ಅದೇ 1962.

ಕುರಿ ಇರುವ ಮನೆಯಲ್ಲಿ ನಾಯಿಯ ಆರೋಗ್ಯ ನಾಯಿಯೊಂದರದೇ ಅಲ್ಲ. ಹಬ್ಬಕ್ಕೆ ಕುರಿ ಕಡಿದಾಗ ಗುಳ್ಳೆಗಟ್ಟಿದ ಈಲಿ, ಪುಪ್ಪಸಗಳನ್ನು ನಾಯಿಗೆ ಎಸೆಯುತ್ತೇವೆ. ಆ ನೀರುಗುಳ್ಳೆಯೊಳಗೆ ಎಕೈನೊಕಾಕಸ್ ಎಂಬ ಲಾಡಿಹುಳುವಿನ ಮರಿಗಳಿರುತ್ತವೆ. ನಾಯಿಯ ಕರುಳಿನಲ್ಲಿ ಅವು ಆರೇಳು ವಾರಕ್ಕೆ ಬಲಿತು, ಮಲದ ಜೊತೆ ಮೊಟ್ಟೆ ಹೊರಬೀಳುತ್ತದೆ. ಹುಲ್ಲಿನ ಮೇಲೆ ಬಿದ್ದ ಮೊಟ್ಟೆ ಮತ್ತೆ ಕುರಿಗೆ, ನಾಯಿಯ ಮೈ ಸವರಿದ ಮಗುವಿನ ಕೈಯಿಂದ ಮಗುವಿನ ಹೊಟ್ಟೆಗೆ. ಮನುಷ್ಯನ ಈಲಿಯಲ್ಲಿ ಈ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಆಪರೇಷನ್ನೇ ಆಗಬೇಕಾದೀತು. ನಾಯಿಗೆ ಮಾತ್ರ ಹೊರಗಿನಿಂದ ಏನೂ ಆಗಿರುವುದಿಲ್ಲ, ಅದೇ ಇದರ ಮೋಸ. ಹಸಿ ಈಲಿ-ಪುಪ್ಪಸ ಹಾಕಬೇಡಿ. ಹಾಕಲೇಬೇಕೆಂದರೆ ಅರ್ಧ ಗಂಟೆಗೂ ಹೆಚ್ಚು ಕುದಿಸಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಕುರಿಗೆ ಕುಡಿಸಿ ಉಳಿದ ಜಂತಿನ ಔಷಧಿ ಈ ಹುಳುವಿಗೆ ಸಾಲದು. ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ನಾಯಿಯ ತೂಕ ನೋಡಿಸಿಕೊಂಡೇ ಕೊಡಬೇಕು. ಹಿಂಡಿನ ನಾಯಿಗೆ ಅದನ್ನು ಎಷ್ಟು ವಾರಕ್ಕೊಮ್ಮೆ ಎಂದು ಡಾಕ್ಟರನ್ನೇ ಕೇಳಿ.

ಉಣ್ಣೆ ಹತ್ತಿತೆಂದು ಹತ್ತಿ ಹೊಲಕ್ಕೆ ಹೊಡೆಯುವ ಔಷಧಿಯನ್ನು ನಾಯಿಯ ಮೈಗೆ ಬಳಿಯುವವರಿದ್ದಾರೆ. ನಾಯಿ ಮೈ ನೆಕ್ಕುತ್ತದೆ, ಜೊಲ್ಲು ಸುರಿಸಿ ನಡುಗುತ್ತದೆ, ಎಷ್ಟೋ ಸಲ ಉಳಿಯುವುದಿಲ್ಲ. ಮನೆಯ ಪ್ಯಾರಾಸಿಟಮಾಲ್ ಕೂಡ ಹಾಗೇ, ಬೆಕ್ಕಿಗೆ ಒಂದೇ ಮಾತ್ರೆ ಸಾವು ತಂದೀತು. ಪ್ರೀತಿಯಿಂದ ಕೊಟ್ಟದ್ದೇ ಹೀಗೆ ಪ್ರಾಣ ತೆಗೆಯುವುದನ್ನು ನೆನೆದರೆ ಸಂಕಟವಾಗುತ್ತದೆ.

ಮರಿಗೆ ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಸೂಜಿ, ಆಮೇಲೆ ವರ್ಷಕ್ಕೊಮ್ಮೆ. ಬೀದಿಯಿಂದ ತಂದು ಸಾಕಿದ್ದಕ್ಕೂ ಇದೇ ಲೆಕ್ಕ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಲಸಿಕೆ ಹಾಕಿಸಿದ. ಅದರ ನೆನಪಿಗೆ ಪ್ರತಿ ಜುಲೈ 6ರಂದು ಪಶುವೈದ್ಯಶಾಲೆಗಳಲ್ಲಿ ಸಾಕುನಾಯಿಗಳಿಗೆ ಉಚಿತವಾಗಿ ಈ ಸೂಜಿ ಹಾಕುವ ವಾಡಿಕೆಯಿದೆ. ನಾಯಿಯ ಕೊರಳಿಗೆ ಹಗ್ಗ ಕಟ್ಟಿ ಹೊರಡಲು ಅದಕ್ಕಿಂತ ಒಳ್ಳೆಯ ದಿನ ಬೇಕಿಲ್ಲ.

ಯಾರಿಗಾದರೂ ನಾಯಿ ಕಚ್ಚಿದರೆ ಸುಣ್ಣ, ಖಾರದ ಪುಡಿ ಮೆತ್ತಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಮನುಷ್ಯರ ದವಾಖಾನೆಗೆ ಹೋಗಿ. ಕಚ್ಚಿದ ನಾಯಿಯನ್ನು ಕೊಲ್ಲದೆ ಕಟ್ಟಿಹಾಕಿ 10 ದಿನ ನೋಡಬೇಕು, ಆದರೆ ಅಲ್ಲಿಯವರೆಗೆ ಕಚ್ಚಿಸಿಕೊಂಡವರ ಸೂಜಿ ಮುಂದೂಡಬಾರದು.

ನಾಯಿ ಮಲಗಿದಲ್ಲೇ ಮಲಗಿದೆ ಎಂದು 1962ಕ್ಕೆ ಫೋನ್ ಮಾಡುವಾಗ ಕೊನೆಯ ಬಾರಿ ಏನು ತಿಂದಿತು, ವಾಂತಿ-ಭೇದಿಯಲ್ಲಿ ರಕ್ತವಿತ್ತೇ, ಹೊಲದಲ್ಲಿ ಯಾವ ಔಷಧಿ ಹೊಡೆದಿದ್ದಿರಿ ಎಂದು ಹೇಳಿ. ಆ ಡಬ್ಬಿಯನ್ನು ಬಿಸಾಡದೆ ಕೈಯಲ್ಲಿಟ್ಟುಕೊಂಡಿರಿ. ಅದರ ಮೇಲಿನ ಹೆಸರು ನೋಡಿಯೇ ಡಾಕ್ಟರು ಮದ್ದು ಆರಿಸುವುದು.