ಉಪ್ಪಾಗೆ ಸಾರ: ಆರೋಗ್ಯದ ಭರವಸೆ ಮತ್ತು ವ್ಯಾಪಾರದ ವಾಸ್ತವ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆ ಬಹುಕಾಲ ಅಡುಗೆಮನೆಯ ವಸ್ತುವಾಗಿಯೇ ಉಳಿದಿತ್ತು. ಇದರ ಒಣ ಸಿಪ್ಪೆ ಕೇರಳದಲ್ಲಿ ಕುಡಂಪುಳಿ ಎಂಬ ಹೆಸರಿನಿಂದ ಮೀನಿನ ಅಡುಗೆಗೆ ಹುಳಿ ನೀಡುತ್ತದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಮನೆಬಳಕೆಯಲ್ಲಿದೆ. 1990ರ ದಶಕದಲ್ಲಿ ಈ ಸಿಪ್ಪೆಗೆ ವಿದೇಶದಿಂದ ಹಠಾತ್ತನೆ ಬೇಡಿಕೆ ಕುದುರಿತು. ಅದರ ಸಾರವು ದೇಹದ ತೂಕವನ್ನು ಇಳಿಸುತ್ತದೆ ಎಂಬ ಪ್ರಚಾರವೇ ಇದಕ್ಕೆ ಕಾರಣ. ಆ ಪ್ರಚಾರದಲ್ಲಿ ಸತ್ಯಾಂಶವೆಷ್ಟು, ಈ ಸರಕನ್ನು ಕೊಳ್ಳುವ, ಸಂಸ್ಕರಿಸುವ ಮತ್ತು ಮಾರುವ ನಮ್ಮ ಉದ್ಯಮಿಗಳು ಯಾವುದರ ಮೇಲೆ ಬಂಡವಾಳ ಹೂಡುವುದು ಕ್ಷೇಮ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಾರದಲ್ಲಿರುವುದೇನು?

ಉಪ್ಪಾಗೆಯ ಶಾಸ್ತ್ರೀಯ ಹೆಸರು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ವ್ಯಾಪಾರದಲ್ಲಿ ಇಂದಿಗೂ ಗಾರ್ಸಿನಿಯಾ ಕಾಂಬೋಜಿಯಾ ಎಂಬ ಹಳೆಯ ಹೆಸರೇ ರೂಢಿಯಲ್ಲಿದೆ. ಪಾನಕಕ್ಕೆ ಬಳಸುವ ಮುರುಗಲು ಅಥವಾ ಪುನರ್ಪುಳಿಯು ಇದೇ ಕುಲದ ಬೇರೊಂದು ಮರ. ಎರಡರ ಸಿಪ್ಪೆಯನ್ನೂ ಬೆರೆಸದೆ ಪ್ರತ್ಯೇಕವಾಗಿ ದಾಸ್ತಾನು ಮಾಡುವುದು ಅಗತ್ಯ.

ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ, ಅಂದರೆ ಎಚ್‌ಸಿಎ, ಎಂಬುದನ್ನು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಒಣಸಿಪ್ಪೆಯಲ್ಲಿ ಈ ಆಮ್ಲವು ಸಾಮಾನ್ಯವಾಗಿ ಶೇಕಡ 10ರಿಂದ 30ರವರೆಗೆ ಇರುತ್ತದೆ. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಆಮ್ಲವನ್ನು ಇಳಿಸಿ, ಸೋಸಿ, ಸುಣ್ಣದ ಅಂಶದೊಡನೆ ಸೇರಿಸಿ ಲವಣರೂಪಕ್ಕೆ ತಂದು ಒಣಗಿಸಿದರೆ ಮಾರುಕಟ್ಟೆಯ ಪುಡಿ ದೊರೆಯುತ್ತದೆ. ಆಮ್ಲವನ್ನು ಹಾಗೆಯೇ ಕಾಯಿಸಿ ಗಟ್ಟಿಮಾಡಿದರೆ ಅದು ಲ್ಯಾಕ್ಟೋನ್ ಎಂಬ ಬೇರೆ ರೂಪಕ್ಕೆ ತಿರುಗುವುದರಿಂದ ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಮಾರುವುದು ವಾಡಿಕೆ.

ಇಲ್ಲಿ ಒಂದು ಸರಳ ಲೆಕ್ಕವನ್ನು ನೆನಪಿಡಬೇಕು. ಶೇಕಡ 20ರಷ್ಟು ಎಚ್‌ಸಿಎ ಇರುವ 100 ಕಿಲೋ ಸಿಪ್ಪೆಯಲ್ಲಿ ಒಟ್ಟು ಆಮ್ಲ 20 ಕಿಲೋ. ಅದರಿಂದ ಶೇಕಡ 60ರ ಗುಣಮಟ್ಟದ ಪುಡಿಯನ್ನು ಹೆಚ್ಚೆಂದರೆ 33 ಕಿಲೋ ತೆಗೆಯಬಹುದು. ಸಂಸ್ಕರಣೆಯ ನಷ್ಟ ಕಳೆದರೆ ಇಳುವರಿ ಇನ್ನೂ ಕಡಿಮೆ. ಆದ್ದರಿಂದ ಸಿಪ್ಪೆಯನ್ನು ತೂಕದ ಮೇಲಷ್ಟೇ ಅಲ್ಲದೆ ಆಮ್ಲದ ಪ್ರಮಾಣದ ಮೇಲೂ ಬೆಲೆ ಕಟ್ಟಿ ಕೊಳ್ಳುವುದು ಲೇಸು.

ಪರೀಕ್ಷೆಗಳು ಹೇಳಿದ್ದೇನು?

ನಾವು ಉಂಡ ಸಕ್ಕರೆ ಮತ್ತು ಪಿಷ್ಟದಲ್ಲಿ ಹೆಚ್ಚಾದದ್ದನ್ನು ದೇಹವು ಕೊಬ್ಬಾಗಿ ಮಾರ್ಪಡಿಸುತ್ತದೆ. ಈ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಒಂದು ಕಿಣ್ವವನ್ನು ಎಚ್‌ಸಿಎ ತಡೆಯುತ್ತದೆ ಎಂದು 1969ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. 1970ರ ದಶಕದಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳೂ ಆಶಾದಾಯಕವಾಗಿದ್ದವು. ಪ್ರಚಾರದ ಬುನಾದಿ ಇಷ್ಟೇ.

ಮನುಷ್ಯರಲ್ಲಿ ಫಲಿತಾಂಶ ಬೇರೆಯಾಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ 135 ಮಂದಿ ಸ್ಥೂಲಕಾಯರು 12 ವಾರ ಭಾಗವಹಿಸಿದ್ದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿಮಾತ್ರೆ. ಎಚ್‌ಸಿಎ ಪಡೆದವರು ಸರಾಸರಿ 3.2 ಕಿಲೋ ಇಳಿದರೆ, ಹುಸಿಮಾತ್ರೆ ಪಡೆದವರು 4.1 ಕಿಲೋ ಇಳಿದಿದ್ದರು. ಅಂದರೆ ಇಳಿಕೆ ಪಥ್ಯದ ಫಲವೇ ಹೊರತು ಸಾರದ ಫಲವಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2011ರ ಸಮೀಕ್ಷೆಯಲ್ಲಿ ಸಾರದ ಪರವಾಗಿ ಕಂಡ ವ್ಯತ್ಯಾಸವೂ ಒಂದು ಕಿಲೋಗಿಂತ ಕಡಿಮೆ.

ಇದಕ್ಕಿಂತ ಗಂಭೀರವಾದುದು ಸುರಕ್ಷತೆಯ ಪ್ರಶ್ನೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ತೂಕ ಇಳಿಸುವ ಒಂದು ಪ್ರಸಿದ್ಧ ಬ್ರ್ಯಾಂಡಿನ ಉತ್ಪನ್ನಗಳನ್ನು ಬಳಸಬೇಡಿರೆಂದು ಎಚ್ಚರಿಸಿತು. ಯಕೃತ್ತಿನ ತೊಂದರೆಯ 23 ವರದಿಗಳು ಅದರ ಮುಂದಿದ್ದವು. ಆ ಬ್ರ್ಯಾಂಡಿನಲ್ಲಿ ಅನೇಕ ಘಟಕಗಳಿದ್ದುದರಿಂದ ದೋಷವನ್ನು ಒಂದರ ಮೇಲೆ ಹೊರಿಸುವಂತಿರಲಿಲ್ಲ. ಆದರೆ ಆನಂತರ ಗಾರ್ಸಿನಿಯಾ ಒಂದನ್ನೇ ಸೇವಿಸಿದವರಲ್ಲಿಯೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆಯು ಈ ಸಸ್ಯವಿರುವ ಪೂರಕಗಳನ್ನು ಸೇವಿಸದಿರುವಂತೆ ಸಲಹೆ ನೀಡಿತು. ಅಡುಗೆಗೆ ಹಾಕುವ ನಾಲ್ಕಾರು ಎಸಳು ಹುಳಿಯೇ ಬೇರೆ, ಪ್ರತಿದಿನ ನುಂಗುವ ಸಾಂದ್ರ ಸಾರವೇ ಬೇರೆ. ಮೊದಲನೆಯದರ ದೀರ್ಘಕಾಲದ ಬಳಕೆಯು ಎರಡನೆಯದರ ಸುರಕ್ಷತೆಗೆ ಸಾಕ್ಷಿಯಾಗದು.

ಚೀಟಿಯ ಮೇಲಿನ ಮಾತು

ಸ್ಥೂಲಕಾಯವು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿದೆ. ಅದನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧ. ಆಹಾರ ಪೂರಕವಾಗಿ ಮಾರುವುದಾದರೆ 2016ರ ಎಫ್‌ಎಸ್‌ಎಸ್‌ಎಐ ನಿಯಮಗಳಂತೆ ಔಷಧೀಯ ಬಳಕೆಗಲ್ಲ ಎಂಬ ಘೋಷಣೆ ಚೀಟಿಯ ಮೇಲಿರಬೇಕು. ಅಮೆರಿಕದಲ್ಲಿಯೂ 1994ರ ಕಾನೂನಿನಂತೆ ಪೂರಕಗಳ ಮೇಲೆ ರೋಗ ವಾಸಿಮಾಡುವ ಮಾತು ಸಲ್ಲದು. ಆದ್ದರಿಂದ ನಾವು ಮಾರುವುದು ಇಂತಿಷ್ಟು ಪ್ರಮಾಣದ ಆಮ್ಲವುಳ್ಳ ಶುದ್ಧ ಸರಕನ್ನೇ ವಿನಾ ತೆಳ್ಳಗಾಗುವ ಭರವಸೆಯನ್ನಲ್ಲ ಎಂಬುದು ಬಿಲ್ಲಿನಿಂದ ಹಿಡಿದು ಪರಿಚಯಪತ್ರದವರೆಗೆ ಸ್ಪಷ್ಟವಾಗಿರಬೇಕು.

ಆ ಪ್ರಮಾಣವನ್ನು ಅಳೆಯುವ ಕ್ರಮವೂ ಮುಖ್ಯ. ಕ್ಷಾರ ಹಾಕಿ ಹುಳಿ ಅಳೆಯುವ ಟೈಟ್ರೇಷನ್ ವಿಧಾನವು ಸಿಟ್ರಿಕ್ ಮೊದಲಾದ ಇತರ ಆಮ್ಲಗಳನ್ನೂ ಎಚ್‌ಸಿಎ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಎಚ್‌ಪಿಎಲ್‌ಸಿ ಯಂತ್ರವು ಅವನ್ನು ಬೇರ್ಪಡಿಸಿ ತೋರಿಸುತ್ತದೆ. ಮಾರುವವರು ಒಂದು ವಿಧಾನದಿಂದ, ಕೊಳ್ಳುವವರು ಇನ್ನೊಂದರಿಂದ ಅಳೆದರೆ ಸರಕು ಬಂದರಿನಿಂದ ಹಿಂದಿರುಗುವ ಪ್ರಸಂಗ ಒದಗೀತು. ಪರೀಕ್ಷಾ ವಿಧಾನವನ್ನು ಒಪ್ಪಂದದಲ್ಲಿಯೇ ನಮೂದಿಸುವುದು ಉಚಿತ.

ಗುಣಮಟ್ಟ ಆರಂಭವಾಗುವುದು ಕಾಡಿನಲ್ಲಿ

ಸುಗ್ಗಿಯು ಮಳೆಗಾಲದಲ್ಲೇ ಬರುವುದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುವುದು ರೂಢಿ. ಇದಕ್ಕೆ ಅಪಾರ ಸೌದೆ ಬೇಕು. ಹೊಗೆ ತಗುಲಿದ ಸಿಪ್ಪೆಯಲ್ಲಿ ಬೆಂಜೋಪೈರೀನ್‌ನಂತಹ ಹಾನಿಕರ ವಸ್ತುಗಳು ಸೇರುವ ಸಂಭವವೂ ಉಂಟು. ಐರೋಪ್ಯ ಒಕ್ಕೂಟವು 2016ರಿಂದ ಸಸ್ಯಮೂಲದ ಆಹಾರ ಪೂರಕಗಳಲ್ಲಿ ಇದಕ್ಕೆ ಕಿಲೋ ಒಂದಕ್ಕೆ 10 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿದೆ. ಹೊಗೆಯು ಸಿಪ್ಪೆಗೆ ತಾಗದೆ ಬಿಸಿಗಾಳಿ ಮಾತ್ರ ಹಾಯುವ ಸುಧಾರಿತ ಒಲೆಗಳಿಂದ ಸೌದೆಯೂ ಉಳಿಯುತ್ತದೆ, ಸರಕೂ ಶುದ್ಧವಾಗಿರುತ್ತದೆ. ಸಂಗ್ರಾಹಕರಿಗೆ ಇಂತಹ ಒಲೆ ಹಾಕಿಸಿಕೊಡುವ ಖರ್ಚನ್ನು ಉದ್ಯಮಿಗಳು ದಾನವೆಂದಲ್ಲ, ಕಚ್ಚಾ ಸಾಮಗ್ರಿಯ ಖರ್ಚೆಂದೇ ಪರಿಗಣಿಸಬೇಕು.

ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡುಗಳಲ್ಲಿ ಇತರರಿಗಿಂತ ಮೊದಲು ಕೊಯ್ಯುವ ಆತುರದಿಂದ ಬಲಿಯದ ಕಾಯಿಗಳನ್ನೇ ಕಿತ್ತುದೂ, ಕೊಂಬೆಗಳನ್ನೇ ಕಡಿದುದೂ ಉಂಟು. ಬಲಿತ ಹಣ್ಣಿಗಷ್ಟೇ ಒಳ್ಳೆಯ ಬೆಲೆ ಎಂದು ವರ್ತಕರು ಮೊದಲೇ ಸಾರಿದರೆ ಈ ಆತುರ ತಗ್ಗುತ್ತದೆ. ಕಾಡಿನ ಸಂಪನ್ಮೂಲವನ್ನು ವಾಣಿಜ್ಯಕ್ಕೆ ಬಳಸುವವರು 2002ರ ಜೀವವೈವಿಧ್ಯ ಕಾಯ್ದೆ ಮತ್ತು ಅದರ 2023ರ ತಿದ್ದುಪಡಿಯನ್ನು ಅರಿತು, ಅನ್ವಯವಾಗುವೆಡೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ತೂಕ ಇಳಿಸುವ ಭರವಸೆಯನ್ನೇ ನಂಬಿದ ಬೇಡಿಕೆಯು ಒಂದು ಪ್ರಚಾರದಿಂದ ಏರಿ, ಒಂದು ಎಚ್ಚರಿಕೆಯಿಂದ ಇಳಿಯಬಲ್ಲದು. ಇಳಿದಾಗ ನಷ್ಟ ತಟ್ಟುವುದು ಗೋದಾಮು ತುಂಬಿಸಿಕೊಂಡ ವರ್ತಕನಿಗೆ ಮತ್ತು ಮಳೆಯಲ್ಲಿ ಹಣ್ಣು ಹೆಕ್ಕಿದ ಕುಟುಂಬಕ್ಕೆ. ಹುಳಿಯ ಬೇಡಿಕೆ ಹಾಗಲ್ಲ. ಅದು ಅಡುಗೆಯೊಡನೆ ಬಂದದ್ದು, ಅಡುಗೆ ಇರುವವರೆಗೆ ಇರುವಂಥದ್ದು. ಆದಕಾರಣ ಈ ಸರಕನ್ನು ನಂಬಿರುವ ಉದ್ಯಮಿಗಳು ಸಾರದ ಜೊತೆಗೆ ಅಡುಗೆಯ ಹುಳಿಸಿಪ್ಪೆ ಮತ್ತು ಬೀಜದ ತುಪ್ಪಗಳ ಮಾರುಕಟ್ಟೆಯನ್ನೂ ಬೆಳೆಸಿಕೊಳ್ಳುವುದು ವಿವೇಕ.