ಕೆಟ್ಟ ಹಾರ್ಡ್‌ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?

"ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಅಂತಿದೆಯಾ? ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಎಲ್ಲ ಫೈಲ್ ವಾಪಸ್!"

ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿರುವ ನಮ್ಮ ಮಾವನಿಗೆ ವಾಟ್ಸಾಪ್‌ನಲ್ಲಿ ಬಂದ ಸಲಹೆ ಇದು. ಅವರ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕಂಪ್ಯೂಟರ್‌ನಲ್ಲಿ ಕಾಣಿಸುತ್ತಿರಲಿಲ್ಲ. ತೀರಿಕೊಂಡ ಅಜ್ಜಿಯ ಫೋಟೊ, ವಿಡಿಯೊ ಎಲ್ಲ ಅದರಲ್ಲೇ ಇದ್ದವು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ನಾನು ಹೋಗುವ ಹೊತ್ತಿಗೆ ಮಾವ ಫ್ರೀಜರ್‌ನಲ್ಲಿ ಜಾಗವನ್ನೂ ಮಾಡಿಟ್ಟಿದ್ದರು.

ಈ ಸಲಹೆ ಎಲ್ಲಿಂದ ಬಂತು?

ಇದು ಪೂರ್ತಿ ಕಟ್ಟುಕಥೆಯಲ್ಲ. ಹಾರ್ಡ್‌ಡಿಸ್ಕ್‌ನೊಳಗೆ ವೇಗವಾಗಿ ತಿರುಗುವ ತಟ್ಟೆಗಳಿರುತ್ತವೆ. ಅವುಗಳ ಮೇಲೆ ಓದುವ 'ಹೆಡ್' ತೇಲುತ್ತಿರುತ್ತದೆ. ಹಳೆಯ ಡಿಸ್ಕ್‌ಗಳಲ್ಲಿ ಕೆಲವೊಮ್ಮೆ ಹೆಡ್ ತಟ್ಟೆಗೆ ಅಂಟಿಕೊಳ್ಳುತ್ತಿತ್ತು. ತಣ್ಣಗಾದಾಗ ಲೋಹ ತುಸು ಕುಗ್ಗಿ, ಅಪರೂಪಕ್ಕೆ ಅದು ಬಿಟ್ಟುಕೊಳ್ಳುತ್ತಿತ್ತು.

ಈಗಿನ ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಕೆಲಸ ಮುಗಿದ ಮೇಲೆ ಹೆಡ್ ಸಾಮಾನ್ಯವಾಗಿ ತಟ್ಟೆಯಿಂದ ಆಚೆ ಹೋಗಿ ಕೂರುತ್ತದೆ. ಕೆಲಸ ಮಾಡುವಾಗ ತಟ್ಟೆಗೂ ಹೆಡ್‌ಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ನಮ್ಮ ಒಂದು ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್! ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬಿನ ಮೇಲೆ ನೀರಹನಿ ಕೂರುವುದನ್ನು ನೋಡಿದ್ದೀರಲ್ಲ? ಸಾಮಾನ್ಯ ಡಿಸ್ಕ್‌ನಲ್ಲಿ ಗಾಳಿಯಾಡಲು ಸಣ್ಣ ತೂತು ಇರುವುದರಿಂದ, ಅದೇ ಹನಿ ತಟ್ಟೆಯ ಮೇಲೂ ಕೂರಬಹುದು. ಆಗ ಉಳಿಯುತ್ತಿದ್ದ ಫೈಲೂ ಹೋದಂತೆ.

ಹಾಗಾದರೆ ಏನು ಮಾಡಬೇಕು?

ಕೆಟ್ಟಿರುವುದು ಡಿಸ್ಕೇ ಎಂದು ತೀರ್ಮಾನಿಸುವ ಮುನ್ನ ಬೇರೆ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಡಿಸ್ಕ್ ಕೆಳಗೆ ಬಿದ್ದಿದ್ದರೆ ಅಥವಾ ನೀರಿಗೆ ಸಿಕ್ಕಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಆನ್ ಮಾಡದೆ ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ.

ಮಾವನ ಡಿಸ್ಕ್ ಬಿದ್ದಿರಲಿಲ್ಲ. ಅದನ್ನು ಕಂಪ್ಯೂಟರ್‌ನ ಮುಂಭಾಗದ ಯುಎಸ್‌ಬಿ ಪೋರ್ಟ್‌ಗೆ ಹಾಕಿದ್ದರು.

1. ಪೋರ್ಟ್: ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲೇ ಹೆಚ್ಚು ವಿದ್ಯುತ್ ಬೇಕು. ಯುಎಸ್‌ಬಿ 2.0 ಪೋರ್ಟ್‌ನ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟ್‌ನದು 900. ವಿದ್ಯುತ್ ಸಾಲದಿದ್ದರೂ ಟಿಕ್ ಟಿಕ್ ಸದ್ದು ಬರುತ್ತದೆ. ಹಿಂಭಾಗದ ಪೋರ್ಟ್‌ಗೆ ಹಾಕಿ ಕೆಲವೇ ಸೆಕೆಂಡು ನೋಡಿದೆವು. ಅದೇ ಸದ್ದು.

2. ಕೇಬಲ್: ಪೋರ್ಟ್ ಅದೇ ಇರಲಿ ಎಂದು ಕೇಬಲ್ ಮಾತ್ರ ಬದಲಿಸಿದೆವು. ಡಿಸ್ಕ್ ಸರಾಗವಾಗಿ ತಿರುಗಿತು. ಪರದೆಯ ಮೇಲೆ ಡ್ರೈವ್ ಬಂತು!

ಮೊದಲು ಫೋಟೊಗಳನ್ನೆಲ್ಲ ಕಾಪಿ ಮಾಡಿಕೊಂಡೆವು. ಆಮೇಲೆ ಹಳೆಯ ಕೇಬಲನ್ನು ಏನೂ ತುಂಬಿರದ ಇನ್ನೊಂದು ಡಿಸ್ಕ್‌ಗೆ ಹಾಕಿ ನೋಡಿದೆವು. ಅದೂ ಟಿಕ್ ಟಿಕ್ ಎಂದಿತು. ತಪ್ಪು ಕೇಬಲಿನದೇ ಎಂದು ಖಾತ್ರಿಯಾಯಿತು.

ಕೇಬಲ್ ಬದಲಿಸಿದರೂ ಆಗದಿದ್ದರೆ ಮುಂದಿನ ಹೆಜ್ಜೆ ಬೇರೆ ಕಂಪ್ಯೂಟರ್. ಅಲ್ಲೂ ಅದೇ ಸದ್ದು ಬಂದರೆ ಅನುಮಾನ ಡಿಸ್ಕ್ ಮೇಲೆಯೇ. ಅಲ್ಲಿಗೆ ನಿಲ್ಲಿಸಿ.

ಎಚ್ಚರವಿರಲಿ

- 'ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು' ಎಂಬ ಸಂದೇಶ ಬಂದರೆ ಕ್ಯಾನ್ಸಲ್ ಒತ್ತಿ.
- ಡಿಸ್ಕ್ ರಿಪೇರಿ ಮಾಡುವ 'ಚೆಕ್‌ಡಿಸ್ಕ್' ಕಮಾಂಡ್ ಈಗಲೇ ಬೇಡ. ಅದು ಡಿಸ್ಕ್ ಮೇಲೆ ಬರೆಯುತ್ತದೆ. ಮೊದಲು ಕಾಪಿ, ಆಮೇಲೆ ರಿಪೇರಿ.
- ಡಿಸ್ಕ್ ಕಾಣಿಸುತ್ತಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಅದರ ಆರೋಗ್ಯದ ಅಂಕಿಗಳನ್ನು ತೋರಿಸುತ್ತದೆ. 'ರೀಅಲೊಕೇಟೆಡ್ ಸೆಕ್ಟರ್' ಅಥವಾ 'ಪೆಂಡಿಂಗ್ ಸೆಕ್ಟರ್' ಏರುತ್ತಿದ್ದರೆ ತಟ್ಟೆಯಲ್ಲೇ ತೊಂದರೆ. ಕಂಪ್ಯೂಟರ್ ಒಳಗಿನ ಡಿಸ್ಕ್‌ನಲ್ಲಿ 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ನೋಡಿ.
- ಅಂಕಿಗಳು ಚೆನ್ನಾಗಿವೆ ಎಂದು ಮೈಮರೆಯಬೇಡಿ. ಗೂಗಲ್ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ 56ಕ್ಕೂ ಹೆಚ್ಚಿನವು ನಾಲ್ಕು ಮುಖ್ಯ ಅಂಕಿಗಳಲ್ಲಿ ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲ.

ಫಾರ್ವರ್ಡ್ ಹುಟ್ಟುವುದು ಹೀಗೆ

ಮಾವ ಅಂದು ರಾತ್ರಿ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟು, ಬೆಳಗ್ಗೆ ಬೇರೆ ಕೇಬಲ್ ಹಾಕಿದ್ದರೆ? ಅದೃಷ್ಟವಿದ್ದರೆ ಡಿಸ್ಕ್ ಓಡುತ್ತಿತ್ತು. ಹೊಗಳಿಕೆ ಮಾತ್ರ ಫ್ರೀಜರ್‌ಗೆ ಸಲ್ಲುತ್ತಿತ್ತು! ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಗೆದ್ದವರು ಮೆಸೇಜ್ ಹಾಕುತ್ತಾರೆ. ಫೈಲ್ ಕಳೆದುಕೊಂಡವರು ಸುಮ್ಮನಾಗುತ್ತಾರೆ. ಮನೆಮದ್ದಿನ ಫಾರ್ವರ್ಡ್‌ಗಳನ್ನು ನೋಡುವಾಗಲೂ ಇದನ್ನು ನೆನಪಿಡಿ.

ಕೊನೆಯ ಮಾತು: ಫ್ರೀಜರ್ ಸಲಹೆಯನ್ನು ನಂಬಬೇಡಿ, ಹಂಚಬೇಡಿ. ಮುಖ್ಯವಾದ ಫೋಟೊಗಳು ಕನಿಷ್ಠ ಎರಡು ಕಡೆ ಇರಲಿ. ಅಜ್ಜಿಯ ಫೋಟೊಗಳು ಈಗ ಮಾವನ ಮನೆಯಲ್ಲೊಂದು ಪ್ರತಿ, ನಮ್ಮ ಮನೆಯಲ್ಲೊಂದು ಪ್ರತಿ ಇವೆ.