ಮನೆಯಲ್ಲಿಯೇ ರಾಗಿಯ ಬಿಸ್ಕತ್ತು

ಶೀತಪ್ರದೇಶವಾದ ಸ್ಕಾಟ್ಲೆಂಡಿನ ಒಕ್ಕಲಿಗರು ತಮ್ಮ ಹೊಲದ ಓಟ್ಸ್ ಧಾನ್ಯದ ಹಿಟ್ಟಿನಿಂದ ಬಿಲ್ಲೆಗಳನ್ನು ಸುಟ್ಟು ತಿನ್ನುವ ವಾಡಿಕೆಯು ಬಹು ಹಿಂದಿನದು. ಕಣಜದ ತುಂಬ ರಾಗಿಯಿರುವ ಜಮೀನುದಾರರ ಮನೆಗಳಿಗೆ ಮಾತ್ರ ಬಿಸ್ಕತ್ತು ಪೇಟೆಯಿಂದಲೇ ಬರುತ್ತಿರುವುದು ವಿಷಾದಕರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಸತ್ವವುಂಟು. ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದಂಶವೂ ಇಲ್ಲ.

ರಾಗಿಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬರಿಯ ರಾಗಿಯ ಬಿಸ್ಕತ್ತು ಪುಡಿಪುಡಿಯಾಗುವುದು ಇದರಿಂದಲೇ. ಆದಕಾರಣ ಹಸಿವಾಸನೆ ಹೋಗುವವರೆಗೆ ಹುರಿದ ರಾಗಿಹಿಟ್ಟು 2 ಬಟ್ಟಲಿಗೆ ಗೋಧಿಹಿಟ್ಟು 1 ಬಟ್ಟಲು ಸೇರಿಸತಕ್ಕದ್ದು. ಬೆಣ್ಣೆ, ಪುಡಿಬೆಲ್ಲ ಒಂದೊಂದು ಬಟ್ಟಲು ಚೆನ್ನಾಗಿ ಕಲಸಿ, ಹಿಟ್ಟನ್ನು ಬೆರೆಸಿ, ಉದುರಾಗಿದ್ದರೆ ಹಾಲು ಚಿಮುಕಿಸಬೇಕು. ಹುರಿದ ಕಡಲೆಕಾಯಿಬೀಜದ ತರಿ, ಎಳ್ಳು, ಕೊಬ್ಬರಿತುರಿ, ಇವುಗಳಲ್ಲಿ ಮನೆಯಲ್ಲಿದ್ದುದನ್ನು ಹಾಕಬಹುದು. ಎಲ್ಲವೂ ಸೇರಿ ಒಂದು ಬಟ್ಟಲನ್ನು ಮೀರಿದರೆ ಬಿಲ್ಲೆಯು ಒಡೆಯುವುದು.

ಬೇಕರಿಯ ಒಲೆಯ ಅವಶ್ಯವಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎರಡಂಗುಲ ಒಣಮರಳು ಹರವಿ, ಮುಚ್ಚಿ ಕಾಯಿಸಿ, ಬಿಲ್ಲೆಗಳ ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು 25 ನಿಮಿಷ ಬೇಯಿಸಿದರಾಯಿತು. ರಾಗಿಯು ಸ್ವಭಾವತಃ ಕಂದು. ಬಣ್ಣವನ್ನು ನೋಡಿ ಹದವರಿಯಲು ಹೊರಟವರು ಸೀಯಿಸಿಯೇ ತೀರುವರು. ಅಂಚು ಗಟ್ಟಿಯಾಗಿ ನಡುವು ಮೆತ್ತಗಿರುವಾಗಲೇ ಇಳಿಸತಕ್ಕದ್ದು. ಆರಿದಂತೆ ತಾನಾಗಿ ಗಟ್ಟಿಯಾಗುವುದು. ಬೆಲ್ಲವು ತೇವವನ್ನೆಳೆಯುವುದರಿಂದ ಪೂರ್ತಿ ಆರುವ ಮೊದಲು ಡಬ್ಬಿಗೆ ತುಂಬಕೂಡದು.